ಗಂಧ ಆರದ ಜಾಗ

ಬೇಲೂರಿನ ದೇವಾಲಯದ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಂಡು ಬಂದವರಿಗೆ ಜಕಣಾಚಾರಿಯ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ದಾರಿಹೋಕನಾಗಿ ಬಂದ ಹುಡುಗನೊಬ್ಬ, ಪ್ರತಿಷ್ಠೆಗೆ ಸಿದ್ಧವಾಗಿ ನಿಂತ ಮೂರ್ತಿಯನ್ನು ನೋಡಿ, "ಈ ಶಿಲೆಯಲ್ಲಿ ದೋಷವಿದೆ" ಎಂದನಂತೆ. ದೋಷವನ್ನು ತೋರಿಸಿಕೊಟ್ಟರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಮುದಿ ಶಿಲ್ಪಿ ಪಣ ತೊಟ್ಟನಂತೆ. ಹುಡುಗ ವಾದಕ್ಕೆ ನಿಲ್ಲಲಿಲ್ಲ. ಗಂಧವನ್ನು ತೇಯ್ದು ಮೂರ್ತಿಯ ಮೈಗೆಲ್ಲ ಬಳಿಸಿದ. ಗಂಧ ಎಲ್ಲೆಡೆ ಆರಿತು. ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟು ಹೊಡೆದಾಗ ಮರಳು, ನೀರು, ಅವುಗಳ ನಡುವಿನಿಂದ ಒಂದು ಕಪ್ಪೆ ಹೊರಬಂದುವು. ಆ ಹುಡುಗ ತನ್ನ ಮಗನೇ ಎಂಬುದು ಶಿಲ್ಪಿಗೆ ತಿಳಿದದ್ದು ಕೈ ಹೋದ ಮೇಲೆ.

ಇದು ಐತಿಹ್ಯ, ಚರಿತ್ರೆಯಲ್ಲ. ಬೇಲೂರಿನ ಶಾಸನಗಳು ಬಳ್ಳಿಗಾವಿಯ ದಾಸೋಜನನ್ನೂ ಅವನ ಮಗ ಚಾವಣನನ್ನೂ ಹೆಸರಿಸುತ್ತವೆಯೇ ಹೊರತು ಜಕಣನನ್ನಲ್ಲ. ಆದರೆ ಈ ಕಥೆಯನ್ನು ಕಟ್ಟಿದವರು ಯಾರೇ ಆಗಿರಲಿ, ಕುಶಲ ಕರ್ಮದ ಸಂಕಟವನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಒಳಗಿನ ಕೊರತೆಯನ್ನು ಹೊರಗಿನ ಚೆಲುವು ಮುಚ್ಚಿಬಿಡುತ್ತದೆ; ಅದು ಪತ್ತೆಯಾಗುವ ವೇಳೆಗೆ ಕೆಲಸ ಮುಗಿದೇ ಹೋಗಿರುತ್ತದೆ. ಈ ಹಳೆಯ ಸಂಕಟ ಇಂದಿನ ಲೋಹದ ಕೆಲಸದಲ್ಲಿ ಹೊಸ ವೇಷ ತೊಟ್ಟು ಬಂದಿರುವುದೇ ಈ ವಾರದ ವಿಷಯ.

2024ನೆಯ ಇಸವಿ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿರುವ ಇಸ್ರೋ ಸಂಸ್ಥೆಯ ಪರೀಕ್ಷಾ ಕೇಂದ್ರದಲ್ಲಿ ಒಂದು ರಾಕೆಟ್ ಎಂಜಿನ್ನು 665 ಸೆಕೆಂಡುಗಳ ಕಾಲ, ಅಂದರೆ ಹನ್ನೊಂದು ನಿಮಿಷಕ್ಕೂ ತುಸು ಮಿಕ್ಕು, ನಿರಾತಂಕವಾಗಿ ಉರಿಯಿತು. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದಲ್ಲಿ ಕೆಲಸ ಮಾಡುವ ಎಂಜಿನ್ನು ಅದು. ಎಂಜಿನ್ನು ಹಳೆಯದೇ, ಅದನ್ನು ಮಾಡಿದ ರೀತಿ ಮಾತ್ರ ಹೊಸದು. ಹಿಂದೆ 14 ಭಾಗಗಳನ್ನು ಬೇರೆ ಬೇರೆಯಾಗಿ ಮಾಡಿ ಬೆಸೆಯುತ್ತಿದ್ದುದನ್ನು ಈ ಬಾರಿ ಒಂದೇ ತುಂಡಾಗಿ ತಯಾರಿಸಿದ್ದರು. 19 ಬೆಸುಗೆಗಳು ಇಲ್ಲವಾದುವು. 565 ಕಿಲೋಗ್ರಾಂ ಲೋಹದ ಗಟ್ಟಿ ಮತ್ತು ತಗಡುಗಳು ಬೇಕಾಗಿದ್ದ ಕಡೆ 13.7 ಕಿಲೋಗ್ರಾಂ ಲೋಹದ ಪುಡಿ ಸಾಕಾಯಿತು. ತಯಾರಿಕೆಯ ಕಾಲ ನೂರಕ್ಕೆ ಅರುವತ್ತರಷ್ಟು ತಗ್ಗಿತು. ಅದನ್ನು ತಯಾರಿಸಿದವರು ಬೆಂಗಳೂರಿನ ವಿಪ್ರೋ 3-ಡಿ ಸಂಸ್ಥೆಯವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಲೆಕ್ಕವನ್ನು ಓದಿ ತಲೆದೂಗಿದವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಹದಿನಾಲ್ಕು ಭಾಗಗಳಿದ್ದಾಗ ಒಂದೊಂದನ್ನೂ ಕೈಗೆತ್ತಿಕೊಂಡು, ಒಳಗೂ ಹೊರಗೂ ಅಳೆದು, ಸರಿಯಾಗಿದ್ದರೆ ಮಾತ್ರ ಮುಂದಿನದಕ್ಕೆ ಕೂಡಿಸಬಹುದಾಗಿತ್ತು. ಕೆಟ್ಟರೆ ಒಂದು ಭಾಗ ಕೆಟ್ಟಿತು. ಎಲ್ಲವೂ ಒಂದೇ ತುಂಡಾಗಿ ಹುಟ್ಟಿದ ಮೇಲೆ ಅದರ ಒಡಲೊಳಗಿನ ಕೊಳವೆಗಳಿಗೆ ಅಳತೆಗೋಲು ಹೋಗುವುದು ಹೇಗೆ? ಇಂಧನ ಹರಿಯುವ ದಾರಿಯೊಂದು ನಕ್ಷೆಯಲ್ಲಿ ಇದ್ದುದಕ್ಕಿಂತ ಕೂದಲೆಳೆಯಷ್ಟು ಇಕ್ಕಟ್ಟಾದರೂ ಹರಿವು ಬದಲಾಗುತ್ತದೆ. ಆಸ್ಪತ್ರೆಗಳಲ್ಲಿ ರೋಗಿಯ ಒಡಲನ್ನು ಸಿ.ಟಿ. ಯಂತ್ರದಿಂದ ನೋಡುವಂತೆ ಲೋಹದ ಒಡಲನ್ನೂ ನೋಡಬಹುದು, ನಿಜ. ಆದರೆ ದಪ್ಪನಾದ ಲೋಹ ಕ್ಷಕಿರಣಗಳನ್ನು ನುಂಗಿಬಿಡುತ್ತದೆ, ಚಿತ್ರ ಮಬ್ಬಾಗುತ್ತದೆ. ಮೇಲಾಗಿ ದೋಷ ಕಂಡರೂ ಅದು ಕೆಲಸ ಮುಗಿದ ಮೇಲಿನ ಮಾತು.

ಆದುದರಿಂದ ಈ ವಿದ್ಯೆಯನ್ನು ಬಲ್ಲವರ ಗಮನವೆಲ್ಲ ಈಗ ಬೇರೆ ಕಡೆಗೆ ತಿರುಗಿದೆ. ವಸ್ತುವನ್ನು ಮುಗಿದ ಮೇಲೆ ಪರೀಕ್ಷಿಸುವ ಬದಲು ಅದು ಬೆಳೆಯುತ್ತಿರುವಾಗಲೇ, ಪದರ ಪದರವಾಗಿ, ಅದರ ಆಕಾರವನ್ನು ಕಾಯುವುದು.

ಇದು ಹೇಗೆಂಬುದು ತಿಳಿಯಬೇಕಾದರೆ ಮೊದಲು ಆ ಯಂತ್ರದ ಒಳಗೆ ಇಣುಕಬೇಕು. ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಡೆಕಾರ್ಡ್ ಎಂಬ ವಿದ್ಯಾರ್ಥಿಯು ತನ್ನ ಅಧ್ಯಾಪಕ ಜೋ ಬೀಮನ್ನರ ಮಾರ್ಗದರ್ಶನದಲ್ಲಿ ಪುಡಿಯ ಮೇಲೆ ಲೇಸರ್ ಕಿರಣವನ್ನು ಆಡಿಸಿ ವಸ್ತುವನ್ನು ಕಟ್ಟುವ ಉಪಾಯವನ್ನು ಕಂಡುಹಿಡಿದು, 1986ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅವನು ಬಳಸಿದ್ದು ಪ್ಲಾಸ್ಟಿಕ್ಕಿನ ಪುಡಿ. ಲೋಹದ ಪುಡಿಯನ್ನೇ ಪೂರ್ಣವಾಗಿ ಕರಗಿಸಿ ಗಟ್ಟಿಯಾದ ವಸ್ತುವನ್ನು ಪಡೆಯುವ ಮಾರ್ಗ ಜರ್ಮನಿಯ ಆಖನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ 1990ರ ದಶಕದ ನಡುವಿನಲ್ಲಿ ರೂಪುಗೊಂಡಿತು.

ಶಿಲ್ಪಿ ಬೇಡದ ಕಲ್ಲನ್ನು ತೆಗೆದುಹಾಕುತ್ತಾನೆ. ಈ ಯಂತ್ರವಾದರೋ ಬೇಕಾದುದನ್ನು ಕೂಡಿಸುತ್ತ ಹೋಗುತ್ತದೆ. ಗಾಳಿಯಾಡದ ಒಂದು ಪೆಟ್ಟಿಗೆ. ಅದರೊಳಗೆ ಲೋಹ ತುಕ್ಕಾಗದಂತೆ ಆರ್ಗಾನ್ ಅನಿಲ. ತಳದಲ್ಲಿ ಒಂದು ದಪ್ಪ ಲೋಹದ ಹಲಗೆ. ಅದರ ಮೇಲೆ ಅಲಗೊಂದು ಬಂದು ನುಣ್ಣನೆಯ ಲೋಹದ ಪುಡಿಯನ್ನು ತೆಳ್ಳಗೆ ಹರವಿ ಹೋಗುತ್ತದೆ. ಎಷ್ಟು ತೆಳ್ಳಗೆ? ಸುಮಾರು 30ರಿಂದ 60 ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದಂಶ. ಬಳಿಕ ಲೇಸರ್ ಕಿರಣವು ಕನ್ನಡಿಗಳ ತಿರುಗುವಿಕೆಯಿಂದ ಅತ್ತಿತ್ತ ಓಡಿ, ಆ ಪದರದಲ್ಲಿ ಎಲ್ಲಿ ಲೋಹವಿರಬೇಕೋ ಅಲ್ಲಿ ಮಾತ್ರ ಪುಡಿಯನ್ನು ಕರಗಿಸುತ್ತದೆ. ಕರಗಿದ್ದು ಕಣ್ಣುಮಿಟುಕಿಸುವುದರೊಳಗೆ ಹೆಪ್ಪುಗಟ್ಟುತ್ತದೆ. ಹಲಗೆ ಒಂದು ಪದರದಷ್ಟು ಕೆಳಕ್ಕೆ ಇಳಿಯುತ್ತದೆ. ಮತ್ತೆ ಪುಡಿ, ಮತ್ತೆ ಕಿರಣ. ಒಂದರ ಮೇಲೊಂದು ರಂಗವಲ್ಲಿ ಬರೆಯುತ್ತ ಹೋದ ಹಾಗೆ. 40 ಮೈಕ್ರಾನಿನ ಪದರವಾದರೆ ಹತ್ತು ಸೆಂಟಿಮೀಟರು ಎತ್ತರದ ವಸ್ತುವಿಗೆ 2,500 ರಂಗವಲ್ಲಿಗಳು ಬೇಕು. ಕೆಲವು ವಸ್ತುಗಳಿಗೆ ಯಂತ್ರ ದಿನಗಟ್ಟಲೆ ಹಗಲಿರುಳೂ ನಡೆಯುತ್ತದೆ.

ಕಾಗದದ ಮೇಲೆ ಇದು ಎಷ್ಟು ಸರಳ! ಯಂತ್ರಗಳ ಜಾಹೀರಾತುಗಳನ್ನು ಓದಿದರೆ ಮನಸ್ಸಿನಲ್ಲಿ ನೆನೆದುದೆಲ್ಲ ಬೆಳಗಾಗುವುದರೊಳಗೆ ಪೆಟ್ಟಿಗೆಯಿಂದ ಎದ್ದು ಬರುವುದೆಂದು ತೋರೀತು. ಕಲ್ಪವೃಕ್ಷದ ಬಳಿ ಅಳತೆಪಟ್ಟಿ ಹಿಡಿದು ನಿಲ್ಲಬೇಕಾದವರ ಪಾಡು ಜಾಹೀರಾತಿನಲ್ಲಿ ಇರುವುದಿಲ್ಲ.

ಆಕಾರ ಕೆಡುವ ದಾರಿಗಳು ಹಲವು. ದರ್ಜಿಯು ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚಿನಲ್ಲಿ ಒಂದಿಷ್ಟು ಬಟ್ಟೆ ಬಿಡುತ್ತಾನಷ್ಟೆ. ಇಲ್ಲಿಯೂ ಅಂಥದೊಂದು ಲೆಕ್ಕವುಂಟು, ಆದರೆ ಒಳಮುಖವಾಗಿ. ಕಿರಣ ಕರಗಿಸುವ ಗೆರೆಗೆ ತನ್ನದೇ ಆದ ಅಗಲವಿರುವುದರಿಂದ ಅದು ನಕ್ಷೆಯ ಅಂಚಿನ ಮೇಲೆಯೇ ನಡೆದರೆ ವಸ್ತು ಅರ್ಧ ಗೆರೆಯಷ್ಟು ದಪ್ಪವಾಗಿಬಿಡುತ್ತದೆ. ಅದಕ್ಕಾಗಿ ಕಿರಣವನ್ನು ಅಷ್ಟೇ ಒಳಕ್ಕೆ ಸರಿಸಿ ನಡೆಸುತ್ತಾರೆ. ಆದರೆ ಗೆರೆಯ ಅಗಲ ಎಲ್ಲೆಡೆಯೂ ಒಂದೇ ಸಮನಾಗಿ ಇರುವುದೆಂಬ ಭರವಸೆಯೇನು? ಕಾವು ಹೆಚ್ಚಾದಲ್ಲಿ ಕರಗಿದ ಲೋಹ ಹರಡುತ್ತದೆ. ಗೋಡೆ ದಪ್ಪವಾಗುತ್ತದೆ, ರಂಧ್ರ ಕಿರಿದಾಗುತ್ತದೆ.

ಇನ್ನು ಸೂರಿನ ಕಷ್ಟ. ವಸ್ತುವಿನ ಒಳಗೆ ಅಡ್ಡಲಾಗಿ ಒಂದು ಸುರಂಗವಿದೆ ಎಂದಿಟ್ಟುಕೊಳ್ಳೋಣ. ಅದರ ಚಾವಣಿಯನ್ನು ಬರೆಯುವ ಹೊತ್ತಿಗೆ ಕಿರಣದ ಕೆಳಗೆ ಗಟ್ಟಿ ಲೋಹವಿಲ್ಲ, ಬರಿಯ ಪುಡಿಯಿದೆ. ಗಟ್ಟಿ ಲೋಹವಾದರೆ ಕಾವನ್ನು ಸರಸರನೆ ಕೆಳಕ್ಕೆ ಎಳೆದುಕೊಳ್ಳುತ್ತದೆ. ಪುಡಿಯ ಕಣಗಳ ನಡುವೆ ಸಂದುಗಳಿರುವುದರಿಂದ ಕಾವು ಅಲ್ಲಿ ಸುಲಭವಾಗಿ ಇಳಿಯದು; ಬೂದಿಯ ಮೇಲಿಟ್ಟ ಕೆಂಡದಂತೆ ಮೇಲೆಯೇ ನಿಂತುಬಿಡುತ್ತದೆ. ಕರಗಿದ ಲೋಹ ಹೆಚ್ಚು ಹೊತ್ತು ದ್ರವವಾಗಿಯೇ ಇದ್ದು ಪುಡಿಯೊಳಕ್ಕೆ ಜೋತು ಬೀಳುತ್ತದೆ. ನಕ್ಷೆಯಲ್ಲಿ ದುಂಡಾಗಿದ್ದ ಸುರಂಗದ ಮಾಡು ಹೀಗೆ ಕೆಳಗೆ ಕುಸಿದು ಒರಟು ಒರಟಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದರ ಸುಳಿವೂ ಸಿಕ್ಕದು.

ಮೂರನೆಯ ತೊಂದರೆ ಎಲ್ಲಕ್ಕಿಂತ ಕೀಟಲೆಯದು. ಪ್ರತಿಯೊಂದು ಪದರವೂ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ತನ್ನ ಕೆಳಗಿನದನ್ನೂ ಎಳೆಯುತ್ತದೆ. ಕಾವಲಿಯ ಮೇಲೆ ತೆಳುವಾಗಿ ಹುಯ್ದ ದೋಸೆಯ ಅಂಚು ಬೆಂದಂತೆಲ್ಲ ಮೇಲಕ್ಕೆ ಸುರುಳಿಗಟ್ಟುವುದನ್ನು ಕಂಡಿರುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆ ಎದ್ದ ಲೋಹದ ಅಂಚು ಪುಡಿಯ ಪದರವನ್ನೂ ಸೀಳಿ ಮೇಲೆ ತಲೆಯೆತ್ತುತ್ತದೆ. ಮುಂದಿನ ಸಲ ಪುಡಿ ಹರವಲು ಬಂದ ಅಲಗು ಅದಕ್ಕೆ ಬಡಿಯುತ್ತದೆ. ವಸ್ತು ಕದಲಬಹುದು, ಅಲಗಿಗೆ ಕಚ್ಚು ಬೀಳಬಹುದು. ಅಲಗಿಗೆ ಕಚ್ಚು ಬಿತ್ತೆಂದರೆ ಅಲ್ಲಿಂದಾಚೆಗೆ ಅದು ಹರವುವ ಪ್ರತಿಯೊಂದು ಪದರದಲ್ಲಿಯೂ ಅದೇ ಜಾಗದಲ್ಲಿ ಒಂದು ಗೀರು. ಒಂದು ವಸ್ತುವಿನ ತಪ್ಪು ಅದೇ ಹಲಗೆಯ ಮೇಲೆ ಬೆಳೆಯುತ್ತಿರುವ ನೆರೆಹೊರೆಯ ವಸ್ತುಗಳಿಗೂ ತಗುಲುವುದು ಹೀಗೆ.

ಇದನ್ನೆಲ್ಲ ಕಾಯುವ ಕಣ್ಣುಗಳಾದರೂ ಯಾವುವು? ಎಲ್ಲಕ್ಕಿಂತ ಸರಳವಾದುದು ಕ್ಯಾಮರಾ. ಪ್ರತಿ ಪದರಕ್ಕೂ ಎರಡು ಚಿತ್ರ: ಪುಡಿ ಹರವಿದೊಡನೆ ಒಂದು, ಕರಗಿಸಿದೊಡನೆ ಇನ್ನೊಂದು. ಮೊದಲನೆಯದರಲ್ಲಿ ಪುಡಿ ಸಮನಾಗಿ ಹರಡಿದೆಯೆ, ಗೀರು ಬಿದ್ದಿದೆಯೆ, ಎಲ್ಲಿಯಾದರೂ ಲೋಹದ ಮೂಗು ಹೊರಗೆ ಕಾಣುತ್ತಿದೆಯೆ ಎಂಬುದು ತಿಳಿಯುತ್ತದೆ. ಎರಡನೆಯದರಲ್ಲಿ ಆಗತಾನೆ ಹೆಪ್ಪುಗಟ್ಟಿದ ಆಕೃತಿಯ ಹೊರರೇಖೆಯನ್ನು ಗುರುತಿಸಿ, ನಕ್ಷೆಯ ಅದೇ ಪದರದ ರೇಖೆಯೊಡನೆ ಹೋಲಿಸುತ್ತಾರೆ. ಎರಡಕ್ಕೂ ಎಷ್ಟು ಅಂತರವೋ ಅಷ್ಟು ತಪ್ಪು.

ಹೇಳುವುದಕ್ಕೆ ಸುಲಭ. ಆದರೆ ನೆತ್ತಿಯ ಮೇಲಿನ ಸ್ಥಾನವನ್ನು ಲೇಸರ್ ಆಕ್ರಮಿಸಿರುವುದರಿಂದ ಸಾಮಾನ್ಯವಾಗಿ ಕ್ಯಾಮರಾ ಓರೆಯಾಗಿ ಕುಳಿತು ನೋಡಬೇಕು. ಓರೆಯಿಂದ ನೋಡಿದರೆ ದುಂಡನೆಯದು ಮೊಟ್ಟೆಯಾಗಿ ಕಾಣುತ್ತದೆ. ಅದನ್ನು ಗಣಿತದಿಂದ ತಿದ್ದಬಹುದು. ಬೆಳಕಿನದು ಇದಕ್ಕಿಂತ ದೊಡ್ಡ ಪೇಚು. ಈಗತಾನೆ ಕರಗಿ ಗಟ್ಟಿಯಾದ ಲೋಹ ಕನ್ನಡಿಯಂತೆ ಹೊಳೆಯುತ್ತದೆ. ಕಿರಣ ಯಾವ ದಿಕ್ಕಿಗೆ ಗೆರೆ ಎಳೆದಿದೆಯೋ ಅದಕ್ಕೆ ತಕ್ಕಂತೆ ಹೊಳಪೂ ಬದಲಾಗುತ್ತದೆ. ಪದರದಿಂದ ಪದರಕ್ಕೆ ಗೆರೆಗಳ ದಿಕ್ಕನ್ನು ಬೇಕೆಂದೇ ತಿರುಗಿಸುವುದು ವಾಡಿಕೆಯಾದುದರಿಂದ, ಒಂದರಲ್ಲಿ ಬೆಳ್ಳಗೆ ಕಂಡ ಅಂಚು ಮುಂದಿನದರಲ್ಲಿ ಕಪ್ಪಗೆ ಕಾಣಬಹುದು. ಇಟಲಿಯ ಮಿಲಾನ್ ನಗರದ ಪಾಲಿಟೆಕ್ನಿಕ್ ವಿಶ್ವವಿದ್ಯಾನಿಲಯದ ಬಿಯಾಂಕಾ ಮರಿಯಾ ಕೊಲೊಸಿಮೊ, ಮಾರ್ಕೋ ಗ್ರಾಸೊ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯ ಚಿತ್ರಗಳ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೇ ಪರೀಕ್ಷೆಗೆ ಒಡ್ಡಿತು. ವಸ್ತುವನ್ನು ಅಳೆಯುವ ಮುನ್ನ ಅಳತೆಗೋಲನ್ನು ಅಳೆದುಕೊಳ್ಳುವ ಈ ಸಂಯಮ ಮೆಚ್ಚತಕ್ಕದ್ದು. ಹೊಸತರ ಹುರುಪಿನಲ್ಲಿ ಮೊದಲು ಮರೆತುಹೋಗುವುದು ಇದೇ.

ಮೇಲಿನಿಂದ ತೆಗೆದ ಚಿತ್ರದಲ್ಲಿ ಅಗಲ ಉದ್ದಗಳು ತಿಳಿದಾವು, ಎತ್ತರ ತಿಳಿಯದು. ಎದ್ದ ಅಂಚನ್ನು ಹಿಡಿಯಬೇಕಾದರೆ ಎತ್ತರವೇ ಬೇಕು. ಇದಕ್ಕೆ ಅಮೆರಿಕದ ಶಾರ್ಲಟ್ ನಗರದ ವಿಶ್ವವಿದ್ಯಾನಿಲಯದವರು 2016ರಲ್ಲಿ ತೋರಿಸಿದ ಉಪಾಯ ಸೊಗಸಾಗಿದೆ. ಪುಡಿಯ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸುವುದು. ನೆಲ ಸಮನಾಗಿದ್ದರೆ ಪಟ್ಟೆಗಳು ನೇರ. ಉಬ್ಬು ತಗ್ಗುಗಳಿದ್ದಲ್ಲಿ, ಪಟ್ಟೆ ಸೀರೆಯ ನಿರಿಗೆಯ ಮೇಲೆ ಗೆರೆಗಳು ಬಾಗುವಂತೆ, ಅವೂ ಬಾಗುತ್ತವೆ. ಬಾಗನ್ನು ಲೆಕ್ಕ ಹಾಕಿದರೆ ಎತ್ತರ ಸಿಕ್ಕಿತು. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಮತ್ತಿಯೊ ಸೇತಾ ಮತ್ತು ಅವರ ಸಂಗಡಿಗರದು ಇನ್ನೂ ಮಿತವ್ಯಯದ ಹಾದಿ. ಕಚೇರಿಗಳಲ್ಲಿ ಕಾಗದ ಪತ್ರಗಳ ಪ್ರತಿ ತೆಗೆಯುವ ಸ್ಕ್ಯಾನರ್ ಇದೆಯಲ್ಲ, ಅದರಲ್ಲಿ ಇರುವಂಥ ನೋಡುವ ಪಟ್ಟಿಯನ್ನೇ ಪುಡಿ ಹರವುವ ಸಾಧನಕ್ಕೆ ಜೋಡಿಸಿದರು. ಅಲಗು ಚಲಿಸಿದಂತೆ ಪುಡಿಯ ಮೈಯನ್ನು ಪಟ್ಟಿ ತೀರ ಹತ್ತಿರದಿಂದ ಓದುತ್ತ ಹೋಗುತ್ತದೆ. ಅವರ ಲೇಖನ ಹೊರಬಂದದ್ದು 2019ರಲ್ಲಿ.

ಆದರೆ ಜಕಣಾಚಾರಿಯ ಮಗನನ್ನು ನೆನಪಿಗೆ ತರುವಂಥ ಕೆಲಸ ನಡೆದದ್ದು ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯ ಜಾಂ-ಪಿಯೆರ್ ಕ್ರೂತ್, ಟಾಮ್ ಕ್ರೇಘ್ಸ್ ಮುಂತಾದವರು ಲೇಸರ್ ಕಿರಣವನ್ನು ಓಡಾಡಿಸುವ ಕನ್ನಡಿಗಳ ಮೂಲಕವೇ ನೋಡುವ ಕಣ್ಣೊಂದನ್ನು ಅಳವಡಿಸಿದರು. ಕಿರಣ ಎಲ್ಲಿಗೆ ಹೋದರೂ ಆ ಕಣ್ಣಿನ ನೋಟ ಅಲ್ಲಿಗೇ ಹೋಗುತ್ತದೆ; ಕರಗಿದ ಲೋಹದ ಪುಟ್ಟ ಹೊಂಡವೊಂದೇ ಅದಕ್ಕೆ ಸದಾ ಕಾಣುವ ದೃಶ್ಯ. ಆ ಹೊಂಡದಿಂದ ಹೊಮ್ಮುವ ಬೆಳಕನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಒಂದೊಂದು ಅಳತೆಯನ್ನೂ ಅದು ಹುಟ್ಟಿದ ಸ್ಥಳದಲ್ಲಿಯೇ ಬರೆದಿಟ್ಟರೆ ಪದರದ ಒಂದು ಭೂಪಟ ಸಿದ್ಧವಾಗುತ್ತದೆ. ಆ ಭೂಪಟದಲ್ಲಿ ಕೆಲವು ಎಡೆಗಳು ಉಳಿದವುಗಳಿಗಿಂತ ಹೆಚ್ಚು ಬೆಳಗಿದುವು. ಯಾವ ಎಡೆಗಳು? ಕೆಳಗೆ ಗಟ್ಟಿ ಲೋಹವಿಲ್ಲದೆ ಪುಡಿಯಿದ್ದ ಎಡೆಗಳು. ಸುರಂಗದ ಮಾಡು, ಚಾಚಿದ ಸೂರು. ಕಾವು ಆರದೆ ನಿಂತ ಜಾಗ ತನ್ನ ಕೆಳಗಿನ ಪೊಳ್ಳನ್ನು ತಾನೇ ಸಾರಿ ಹೇಳಿತು. ಬೇಲೂರಿನಲ್ಲಿ ಗಂಧ ಆರದೆ ಉಳಿದ ಹಾಗೆ.

ಅಷ್ಟಕ್ಕೇ ನಿಲ್ಲದೆ, ಹೊಂಡ ದೊಡ್ಡದಾಗುತ್ತಿರುವುದು ಕಂಡೊಡನೆ ಕಿರಣದ ಶಕ್ತಿಯನ್ನು ತಾನಾಗಿ ತಗ್ಗಿಸುವ ಏರ್ಪಾಟನ್ನೂ ಆ ತಂಡದವರು ಪ್ರಯೋಗಿಸಿ ನೋಡಿದರು. ಕುದಿಯುವ ಹಾಲು ಉಕ್ಕುವ ಮುನ್ನ ಒಲೆಯ ಉರಿ ತಗ್ಗಿಸುವ ಕೈಯಂತೆ. ಜಕಣನಿಗೆ ಇಲ್ಲದ ಸೌಕರ್ಯ ಇದು. ಅವನ ಪರೀಕ್ಷೆ ಮೂರ್ತಿ ಮುಗಿದ ಮೇಲೆ ನಡೆಯಿತು. ಇಲ್ಲಿ ಪ್ರತಿ ಪದರಕ್ಕೂ ಗಂಧ ಬಳಿದು ನೋಡಬಹುದು.

ಇಷ್ಟಾದರೂ ಕಣ್ಣಿಗೆ ಕಾಣದ ಒಂದು ಸಂಗತಿ ಉಳಿದೇ ಉಳಿಯುತ್ತದೆ. ಪ್ರತಿಯೊಂದು ಪದರವೂ ಬರೆದ ಕ್ಷಣದಲ್ಲಿ ಸರಿಯಾಗಿಯೇ ಇತ್ತು, ಚಿತ್ರಗಳೆಲ್ಲ ನಕ್ಷೆಗೆ ಹೊಂದಿದುವು. ಆದರೂ ಮುಗಿದ ವಸ್ತು ಡೊಂಕು! ಇದು ಹೇಗೆ ಸಾಧ್ಯ? ಅಮೆರಿಕದ ರಾಷ್ಟ್ರೀಯ ಅಳತೆ ಸಂಸ್ಥೆಯಾದ ನಿಸ್ಟ್, ಜಗತ್ತಿನ ಸಂಶೋಧಕರೆಲ್ಲ ತಮ್ಮ ಲೆಕ್ಕಾಚಾರಗಳನ್ನು ಒರೆಗೆ ಹಚ್ಚಿ ನೋಡಲೆಂದು 2018ರಲ್ಲಿ ಒಂದು ಪುಟ್ಟ ಲೋಹದ ಸೇತುವೆಯನ್ನು ಮಾಡಿಸಿತು. 75 ಮಿಲಿಮೀಟರು ಉದ್ದ, ಹನ್ನೆರಡು ಕಾಲು. ಹಲಗೆಗೆ ಅಂಟಿಕೊಂಡಿರುವವರೆಗೆ ಅದು ನೆಟ್ಟಗೆ ನಿಂತಿತ್ತು. ಬಳಿಕ ಹನ್ನೆರಡರಲ್ಲಿ ಹನ್ನೊಂದು ಕಾಲುಗಳನ್ನು ವಿದ್ಯುತ್ ತಂತಿಯಿಂದ ಹಲಗೆಯಿಂದ ಕೊಯ್ದು ಬಿಡಿಸಿದರು. ಬಿಡಿಸಿದೊಡನೆ ಸೇತುವೆಯ ತುದಿ ತಾನಾಗಿ ಮೇಲಕ್ಕೆದ್ದಿತು, ಒಂದು ಮಿಲಿಮೀಟರಿನ ಆಸುಪಾಸು. ಮೈಕ್ರಾನುಗಳ ಲೆಕ್ಕ ನಡೆಯುವಲ್ಲಿ ಇದು ಅಲ್ಪವಲ್ಲ. ಪದರ ಪದರವೂ ಕುಗ್ಗುವಾಗ ಅಡಗಿಸಿಟ್ಟುಕೊಂಡಿದ್ದ ಬಿಗಿತ, ಹಿಡಿತ ಸಡಿಲಿದೊಡನೆ ಹೊರಗೆ ಬಂದಿತ್ತು. ಅದಕ್ಕೇ ಎಷ್ಟೋ ವಸ್ತುಗಳನ್ನು ಹಲಗೆಯಿಂದ ಬಿಡಿಸುವ ಮುನ್ನವೇ ಕುಲುಮೆಯಲ್ಲಿಟ್ಟು ಹದವಾಗಿ ಕಾಯಿಸಿ, ಆ ಬಿಗಿತವನ್ನು ಇಳಿಸುತ್ತಾರೆ. ವಸ್ತು ಯಾವ ಕಡೆ ಬಾಗಬಹುದೆಂಬುದನ್ನು ಮೊದಲೇ ಲೆಕ್ಕಹಾಕಿ, ನಕ್ಷೆಯನ್ನೇ ವಿರುದ್ಧ ದಿಕ್ಕಿಗೆ ಅಷ್ಟು ಬಾಗಿಸಿ ಬರೆಯುವುದೂ ಉಂಟು. ಹೀಗಿರುವುದರಿಂದ, ಪದರಗಳನ್ನು ಕಾಯುವ ಕಣ್ಣು ಬಂದಿತು, ಇನ್ನು ಕೊನೆಯ ಅಳತೆಯ ಗೊಡವೆ ಬೇಡವೆನ್ನುವವರ ಮಾತಿಗೆ ಕಿವಿಗೊಡಲಾಗದು.

ಕಣ್ಣು ದೋಷವನ್ನು ಕಂಡಿತು ಎನ್ನೋಣ. ಮುಂದೇನು? ನಡುರಾತ್ರಿ, 2,500 ಪದರಗಳಲ್ಲಿ 1,800 ಮುಗಿದಿವೆ. ಪರದೆಯ ಮೇಲೆ ಒಂದು ಮೂಲೆ ಕೆಂಪಾಗುತ್ತದೆ. ಅದು ನಿಜವಾದ ದೋಷವೋ, ದೀಪದ ನೆರಳೋ? ಯಂತ್ರವನ್ನು ನಿಲ್ಲಿಸಿ ಬಾಗಿಲು ತೆರೆದು ನೋಡಬಹುದು. ಆದರೆ ನಿಲ್ಲಿಸಿದರೆ ವಸ್ತು ತಣ್ಣಗಾಗಿ ಕುಗ್ಗುತ್ತದೆ; ಮತ್ತೆ ಪ್ರಾರಂಭಿಸಿದಾಗ ಆ ಪದರದಲ್ಲಿ ಒಂದು ಗೆರೆ ಉಳಿದುಹೋಗುತ್ತದೆ. ಇಲ್ಲದ ದೋಷವನ್ನು ಹುಡುಕಲು ಹೋಗಿ ಇರುವ ದೋಷವನ್ನು ಮಾಡಿದಂತಾಯಿತು. ನಿಲ್ಲಿಸದೆ ಬಿಟ್ಟರೆ ಎದ್ದ ಅಂಚು ಅಲಗನ್ನು ಮುರಿದು, ಹಲಗೆಯ ಮೇಲಿನ ಎಲ್ಲವನ್ನೂ ಹಾಳುಮಾಡಬಹುದು. ಮೂರು ದಿನದ ದುಡಿಮೆ ಮತ್ತು ಬೆಲೆಬಾಳುವ ಲೋಹ ಒಂದು ಕಡೆ. ಗಗನದಲ್ಲಿಯೋ ವಿಮಾನದಲ್ಲಿಯೋ ಕೆಲಸಮಾಡಬೇಕಾದ ಒಂದು ಭಾಗದ ನಂಬಿಕೆ ಇನ್ನೊಂದು ಕಡೆ. ಈ ತೀರ್ಮಾನವನ್ನು ಕ್ಯಾಮರಾ ಮಾಡಲಾರದು. ಇಂಥ ಸಾವಿರಾರು ಚಿತ್ರಗಳನ್ನು ತೋರಿಸಿ ಗಣಕಯಂತ್ರಕ್ಕೇ ದೋಷಗಳ ಪರಿಚಯ ಮಾಡಿಸುವ ಯತ್ನ ಈಗ ಹಲವು ಕಡೆ ನಡೆದಿದೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 2020ರಲ್ಲಿ ಪ್ರಕಟಿಸಿದ ಅಂಥದೊಂದು ಏರ್ಪಾಟಿಗೆ ಪೆರಿಗ್ರಿನ್ ಎಂದು ಹೆಸರು. ಗಿಡುಗನ ಜಾತಿಯ, ದೃಷ್ಟಿಗೆ ಹೆಸರಾದ ಹಕ್ಕಿಯ ಹೆಸರು ಅದು. ಗೀರು, ಕೊರತೆ, ಎದ್ದ ಅಂಚು, ಚಿಮ್ಮಿದ ಕಣ, ಇವುಗಳನ್ನು ಅದು ಪದರ ಪದರದಲ್ಲಿಯೂ ಬೇರೆ ಬೇರೆಯಾಗಿ ಗುರುತಿಸುತ್ತದೆ.

ಅದೇ ಪ್ರಯೋಗಾಲಯದಲ್ಲಿ ಹೀಗೆ ಪುಡಿಯಿಂದ ಕಟ್ಟಿದ ನಾಲ್ಕು ಉಕ್ಕಿನ ಹಿಡಿಕೆಗಳನ್ನು 2021ರಲ್ಲಿ ಅಲಬಾಮಾ ಸಂಸ್ಥಾನದ ಬ್ರೌನ್ಸ್ ಫೆರಿ ಅಣು ವಿದ್ಯುತ್ ಸ್ಥಾವರದ ಎರಡನೆಯ ಘಟಕದಲ್ಲಿ, ಅಣು ಇಂಧನದ ಕಟ್ಟುಗಳನ್ನು ಬಿಗಿದಿಡುವ ಕೆಲಸಕ್ಕೆ ಜೋಡಿಸಿದರು. ಒಮ್ಮೆ ಒಳಗಿಟ್ಟ ಮೇಲೆ ಬೇಕೆಂದಾಗ ಹೊರತೆಗೆದು ನೋಡುವ ಸ್ಥಳವಲ್ಲ ಅದು. ಆರು ವರ್ಷ ಅವು ಅಲ್ಲಿಯೇ ಇರಬೇಕೆಂದು ಗೊತ್ತುಮಾಡಿ, ನಡುನಡುವೆ ಪರೀಕ್ಷಿಸುವ ಏರ್ಪಾಟನ್ನು ಇಟ್ಟುಕೊಂಡು, ಸ್ಥಾವರವನ್ನು ಮತ್ತೆ ನಡೆಸಿದರು.